ಸುತ್ತೋಲೆಗಳನ್ನು ಅಕ್ಷರದಲ್ಲಿ ಕಳುಹಿಸಿ: ಇಲಾಖೆಗಳ ಮುಖ್ಯಸ್ಥರಿಗೆ ಒಬ್ಬ ಅಂಧ ಶಿಕ್ಷಕನ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಎಲ್ಲ ಇಲಾಖೆಗಳ ಮುಖ್ಯಸ್ಥರಿಗೆ, ಜಿಲ್ಲಾ ಮತ್ತು ತಾಲ್ಲೂಕು ಕಚೇರಿಗಳ ಅಧಿಕಾರಿಗಳಿಗೆ, ಆ ಕಚೇರಿಗಳ ವಾಟ್ಸ್‌ಆ್ಯಪ್ ಗುಂಪು ಹಾಗೂ ಫೇಸ್‌ಬುಕ್ ಪುಟಗಳನ್ನು ನಿರ್ವಹಿಸುವ ಸಿಬ್ಬಂದಿಗೆ,

ಮಾನ್ಯರೇ,

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ಶಿಕ್ಷಕ. ಹುಟ್ಟಿದಂದಿನಿಂದ ಕಣ್ಣು ಕಾಣುವುದಿಲ್ಲ. ಆದೇಶ, ಸುತ್ತೋಲೆ, ಪ್ರಕಟಣೆಗಳನ್ನು ಫೋಟೊ ಮಾಡಿ ಕಳುಹಿಸುವ ರೂಢಿ ಈಚಿನ ವರ್ಷಗಳಲ್ಲಿ ಕಚೇರಿಗಳಲ್ಲಿ ಬೇರೂರಿದೆ. ಆ ರೂಢಿಯಿಂದ ನನ್ನಂಥವರಿಗೆ ಏನಾಗುತ್ತಿದೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಮಳೆಗಾಲದ ಒಂದು ರಾತ್ರಿ, ಊಟ ಮುಗಿಸಿ ಕುಳಿತಿದ್ದಾಗ ಶಿಕ್ಷಕರ ಗುಂಪಿಗೆ ಕಚೇರಿಯೊಂದರಿಂದ ಸಂದೇಶ ಬಂತು. ನನ್ನ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಇದೆ. ಪರದೆಯ ಮೇಲೆ ಬೆರಳಾಡಿಸಿದ ಕಡೆ ಏನಿದೆಯೋ ಅದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. ಬೆರಳಿಟ್ಟೆ. ಕಳುಹಿಸಿದವರ ಹೆಸರು ಹೇಳಿತು, ಗಂಟೆ ಹೇಳಿತು, ನಡುವೆ "ಫೋಟೊ" ಎಂದಿತು. ಹೀಗೆ ನಾಲ್ಕು ಸಲ, ನಾಲ್ಕು ಫೋಟೊ. ಅದರ ಕೆಳಗೆ ಸಹೋದ್ಯೋಗಿಗಳ ನಮಸ್ಕಾರದ ಚಿಹ್ನೆಗಳು ಒಂದರ ಹಿಂದೊಂದು ಬಂದವು. ಟಾಕ್‌ಬ್ಯಾಕ್ ಅವನ್ನೂ ಬಿಡದೆ ಒಂದೊಂದಾಗಿ ಓದಿತು. ಮುಖ್ಯವಾದದ್ದನ್ನು ಮಾತ್ರ ಓದಲಾಗಲಿಲ್ಲ.

ಮರುದಿನ ಸಿಬ್ಬಂದಿ ಕೊಠಡಿಯಲ್ಲಿ ವಿಚಾರಿಸಿದೆ. "ಯಾವುದೋ ಪಟ್ಟಿ ಸರ್, ಮಾಮೂಲು" ಎಂದರು ಒಬ್ಬರು. ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಎರಡನೇ ಗಂಟೆ ಹೊಡೆದಿತ್ತು, ಅವರಿಗೂ ತರಗತಿ ಇತ್ತು. ಆದರೆ ಅದು ಮಾಮೂಲು ಪಟ್ಟಿಯಾಗಿರಲಿಲ್ಲ, ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ. ಅದರಲ್ಲಿ ನನ್ನ ಸೇವೆಗೆ ಸೇರಿದ ದಿನಾಂಕವೇ ತಪ್ಪಾಗಿತ್ತು. ಆಕ್ಷೇಪಣೆ ಸಲ್ಲಿಸಲು ಇದ್ದದ್ದು ಮೂರೇ ದಿನ. ವಿಷಯ ತಿಳಿದದ್ದು ಐದನೆಯ ದಿನ, ಅದೂ ಪಕ್ಕದ ಶಾಲೆಯ ಸ್ನೇಹಿತರೊಬ್ಬರು ಬೇರೆ ಯಾವುದೋ ಕೆಲಸಕ್ಕೆ ಫೋನ್ ಮಾಡಿದ್ದರಿಂದ. ಕಚೇರಿಗೆ ಹೋಗಿ ವಿಚಾರಿಸಿದಾಗ ಮೇಜಿನ ಆಚೆಯಿಂದ ಬಂದ ಉತ್ತರ: "ಗುಂಪಿಗೆ ಹಾಕಿದ್ದೇವಲ್ಲ, ನೋಡಿಕೊಳ್ಳಬೇಕಿತ್ತು."

ಅವರು ಒರಟಾಗಿ ಹೇಳಲಿಲ್ಲ. ಎಲ್ಲರಿಗೂ ಹೇಳುವ ಹಾಗೆಯೇ ನನಗೂ ಹೇಳಿದರು. ಆದರೆ ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ತಾವು ಕೇಳಬಹುದು: ಅಕ್ಕಪಕ್ಕದವರಿಂದ ಓದಿಸಿಕೊಂಡರೆ ಆಗದೇ? ಆಗುತ್ತದೆ. ಬದುಕಿನ ಮೊದಲ ಇಪ್ಪತ್ತೆಂಟು ವರ್ಷ ನಾನು ಹಾಗೆಯೇ ಕಳೆದೆ. ಮನೆಗೆ ಬಂದ ಕಾಗದಗಳನ್ನು ಅಮ್ಮ ಓದುತ್ತಿದ್ದರು. ಕಾಲೇಜಿನಲ್ಲಿ ಸಹಪಾಠಿಗಳು ಕ್ಯಾಸೆಟ್ಟಿಗೆ ಪಾಠ ಓದಿ ಕೊಡುತ್ತಿದ್ದರು. ನನ್ನ ನೇಮಕಾತಿ ಆದೇಶವನ್ನು ಓದಿದವರು ಅಂಚೆಯಣ್ಣ. ಊರಿಗೆಲ್ಲ ಸುದ್ದಿ ಹಬ್ಬಿದ್ದೂ ಅವರಿಂದಲೇ, ನಾನು ಅಮ್ಮನಿಗೆ ಹೇಳುವ ಮೊದಲೇ. ಓದಿಸಿಕೊಳ್ಳುವವನ ಪಾಲಿಗೆ ಗುಟ್ಟು ಎಂಬುದಿಲ್ಲ. ಬ್ಯಾಂಕಿನ ಉಳಿಕೆ, ವೈದ್ಯರ ಚೀಟಿ, ಸ್ನೇಹಿತೆಯೊಬ್ಬರ ಪತ್ರ, ಎಲ್ಲವೂ ಇನ್ನೊಬ್ಬರ ನಾಲಿಗೆ ದಾಟಿಯೇ ನನಗೆ ಬರಬೇಕಿತ್ತು. ಓದುವವರು ಎಲ್ಲಿ ನಿಲ್ಲಿಸಿದರೋ ಅಲ್ಲಿಗೆ ನನ್ನ ಓದು ನಿಲ್ಲುತ್ತಿತ್ತು. "ಮುಖ್ಯವಾದದ್ದೇನಿಲ್ಲ" ಎಂದರೆ ನನಗೂ ಅದು ಮುಖ್ಯವಲ್ಲದ್ದು.

ಮಾತನಾಡುವ ಮೊಬೈಲ್ ಇದನ್ನು ಬದಲಿಸಿತು. ಮೊದಲ ಬಾರಿಗೆ ಕನ್ನಡದ ಸುದ್ದಿಯೊಂದನ್ನು ಶೀರ್ಷಿಕೆಯಿಂದ ಕೊನೆಯ ಸಾಲಿನವರೆಗೆ ನಾನೇ ಓದಿಕೊಂಡ ಬೆಳಗ್ಗೆ ಇನ್ನೂ ನೆನಪಿದೆ. ಸುದ್ದಿ ದೊಡ್ಡದೇನಲ್ಲ, ಕೆರೆಯ ಹೂಳೆತ್ತುವ ಕಾಮಗಾರಿಯ ಬಗ್ಗೆ. ಎರಡು ಸಲ ಓದಿದೆ, ಬೇಕೆಂದ ಕಡೆ ನಿಲ್ಲಿಸಿ ಓದಿದೆ. ಆಮೇಲೆ ಫೇಸ್‌ಬುಕ್ಕಿನಲ್ಲಿ ಹಳೆಯ ಸಹಪಾಠಿಗಳು ಸಿಕ್ಕರು. ಅವರ ಜಗಳ, ಕವಿತೆ, ರಾಜಕೀಯ, ಅಡುಗೆ ಎಲ್ಲವನ್ನೂ ಯಾರ ಹಂಗೂ ಇಲ್ಲದೆ ಓದಿದೆ, ಉತ್ತರ ಬರೆದೆ. ಸಾಮಾಜಿಕ ಜಾಲತಾಣಗಳು ಮನುಷ್ಯರನ್ನು ಕೆಡಿಸಿದವು ಎಂದು ಹಿರಿಯರು ಭಾಷಣ ಮಾಡುವಾಗ ನಾನು ಸುಮ್ಮನಿರುತ್ತೇನೆ. ನನ್ನನ್ನು ಅವು ಓದುಗನನ್ನಾಗಿ ಮಾಡಿದವು.

ಈಗ ಅದೇ ಫೋನಿನಲ್ಲಿ ಮತ್ತೆ ಓದಿಸಿಕೊಳ್ಳುವ ಸ್ಥಿತಿಗೆ ಬಂದಿದ್ದೇನೆ. ಹಾಗಾಗಲು ಕಾರಣ ತಾವು ಕಳುಹಿಸುವ ಫೋಟೊಗಳು.

ಒಂದು ಸುತ್ತೋಲೆ ಹೇಗೆ ಫೋಟೊ ಆಗುತ್ತದೆ ಎಂಬುದನ್ನು ಕಚೇರಿಗಳಲ್ಲಿ ಕೇಳಿ ತಿಳಿದುಕೊಂಡಿದ್ದೇನೆ. ದ್ವಿತೀಯ ದರ್ಜೆ ಸಹಾಯಕರು ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ. ಆ ಗಳಿಗೆಯಲ್ಲಿ ಅದು ಅಪ್ಪಟ ಅಕ್ಷರ. ನಂತರ ಮುದ್ರಣವಾಗುತ್ತದೆ, ಸಾಹೇಬರು ಶಾಯಿಯಲ್ಲಿ ಸಹಿ ಹಾಕುತ್ತಾರೆ, ಮೊಹರು ಬೀಳುತ್ತದೆ, ಟಪಾಲಿನಲ್ಲಿ ಸಂಖ್ಯೆ ಸೇರುತ್ತದೆ. ಆಮೇಲೆ ಅದನ್ನು ಸ್ಕ್ಯಾನ್ ಮಾಡುತ್ತಾರೆ, ಇಲ್ಲವೇ ಮೇಜಿನ ಮೇಲಿಟ್ಟು ಮೊಬೈಲಿನಲ್ಲಿ ತೆಗೆಯುತ್ತಾರೆ. ಜಿಲ್ಲೆಯಿಂದ ತಾಲ್ಲೂಕಿಗೆ ಬಂದಾಗ ಅದರ ಮೇಲೊಂದು ಷರಾ ಬರೆದು ಮತ್ತೊಮ್ಮೆ ಫೋಟೊ. ಶಾಲೆಯ ಗುಂಪಿಗೆ ಬರುವ ಹೊತ್ತಿಗೆ ಅದು ಫೋಟೊದ ಫೋಟೊ. ಅಕ್ಷರವಾಗಿ ಹುಟ್ಟಿದ್ದು ನನ್ನ ಕೈಗೆ ಬರುವಾಗ ಅಕ್ಷರವಾಗಿ ಉಳಿದಿರುವುದಿಲ್ಲ. ಇಷ್ಟೆಲ್ಲ ಶ್ರಮಪಟ್ಟು ಓದಬಲ್ಲದ್ದನ್ನು ಓದಲಾಗದ್ದಾಗಿ ಮಾಡುತ್ತಿದ್ದೇವೆ.

ಫೋಟೊದಿಂದ ಅಕ್ಷರ ಬಿಡಿಸಿಕೊಡುವ ತಂತ್ರಾಂಶಗಳು ಇವೆ, ಗೂಗಲ್ ಲೆನ್ಸ್ ಕನ್ನಡವನ್ನೂ ಬಿಡಿಸುತ್ತದೆ. ನಾನು ದಿನವೂ ಬಳಸುತ್ತೇನೆ, ಕೃತಜ್ಞನೂ ಹೌದು. ಆದರೆ ಮೊಹರಿನ ಕೆಳಗೆ ಸಿಕ್ಕ ಸಾಲು ಅದಕ್ಕೆ ದಕ್ಕುವುದಿಲ್ಲ. ಮಸುಕಾದ ಪ್ರತಿಯಲ್ಲಿ 'ಥ' ಇದ್ದದ್ದು 'ಧ' ಆಗುತ್ತದೆ, 'ಷ' ಇದ್ದದ್ದು 'ಪ' ಆಗುತ್ತದೆ, 6 ಇದ್ದದ್ದು 8 ಆಗುತ್ತದೆ. ಪದ ತಪ್ಪಾದರೆ ಊಹಿಸಿ ಸರಿಪಡಿಸಿಕೊಳ್ಳುತ್ತೇನೆ. ದಿನಾಂಕ ತಪ್ಪಾದರೆ ಊಹಿಸುವುದು ಹೇಗೆ? ಪಟ್ಟಿಯ ಕಾಲಂಗಳು ಒಂದಕ್ಕೊಂದು ಬೆರೆತು, ಒಬ್ಬರ ಜನ್ಮದಿನಾಂಕ ಇನ್ನೊಬ್ಬರ ಹೆಸರಿನ ಮುಂದೆ ಬಂದು ಕೂರುತ್ತದೆ.

"ನಮ್ಮದು ಫೋಟೊ ಅಲ್ಲ, ಪಿಡಿಎಫ್" ಎನ್ನುವ ಕಚೇರಿಗಳೂ ಇವೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಒಳಗೆ ಫೋಟೊವೇ. ಕಂಪ್ಯೂಟರಿನಿಂದ ನೇರವಾಗಿ ಮಾಡಿದ ಪಿಡಿಎಫ್‌ನಲ್ಲಿ ಇನ್ನೊಂದು ತೊಡಕಿದೆ. ಹಳೆಯ ಅಕ್ಷರಶೈಲಿಗಳ ತೊಡಕು ಅದು. ಇದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ, ಏಕೆಂದರೆ ಇದು ಕನ್ನಡದ ಮೇಷ್ಟರೊಬ್ಬನಿಗೆ ಹೊಟ್ಟೆ ಉರಿಸುವ ಸಂಗತಿ.

ನಾನು ಓದು ಬರಹ ಕಲಿತದ್ದು ಮೈಸೂರಿನಲ್ಲಿ. ಆ ಊರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ 1901ರಲ್ಲೇ ಶಾಲೆ ತೆರೆದಿತ್ತು. ನಮಗೆ ಅಕ್ಷರವೆಂದರೆ ಬ್ರೈಲ್ ಲಿಪಿಯ ಆರು ಚುಕ್ಕಿ. ಲೋಹದ ಚೌಕಟ್ಟಿನಲ್ಲಿ ಕಾಗದವಿಟ್ಟು, ಬಲದಿಂದ ಎಡಕ್ಕೆ ಮೊಳೆಯಲ್ಲಿ ಚುಚ್ಚುತ್ತಾ ಹೋಗಬೇಕು. ತಿರುಗಿಸಿದರೆ ಎಡದಿಂದ ಬಲಕ್ಕೆ ಬೆರಳಲ್ಲಿ ಓದಬಹುದು. ಭಾರತದ ಎಲ್ಲ ಭಾಷೆಗಳಿಗೂ ಹೊಂದುವ ಒಂದೇ ಬ್ರೈಲ್ ಸಂಕೇತವನ್ನು ನಮ್ಮ ಹಿರಿಯರು 1951ರಲ್ಲೇ ಒಪ್ಪಿಕೊಂಡರು. ಅದೇ ಭಾರತಿ ಬ್ರೈಲ್. ಕನ್ನಡದ 'ಕ'ಗೂ ಹಿಂದಿಯ 'ಕ'ಗೂ ಬಂಗಾಳಿಯ 'ಕ'ಗೂ ಅಲ್ಲಿ ಒಂದೇ ಚುಕ್ಕಿಗಳು. 'ಕನ್ನಡ' ಎಂಬ ಪದಕ್ಕೆ ಆರಾರು ಚುಕ್ಕಿಗಳ ಐದು ಮನೆ: ಕ, ವಿರಾಮದ (ವ್ಯಂಜನಕ್ಕೆ ಸ್ವರವಿಲ್ಲ ಎಂದು ಸೂಚಿಸುವ ಗುರುತಿನ) ಒಂದು ಚುಕ್ಕಿ, ನ, ನ, ಡ.

ಕಂಪ್ಯೂಟರಿನಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಇರುವ ಸಾಮಾನ್ಯ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿಯೂ 'ಕನ್ನಡ' ಐದೇ ಸಂಕೇತ. ಕ, ನ, ವಿರಾಮ, ನ, ಡ. ಉಚ್ಚಾರದ ಕ್ರಮವೇ ಬರೆಯುವ ಕ್ರಮ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ಜಾಗವಿದೆ. ಆದ್ದರಿಂದಲೇ ಟಾಕ್‌ಬ್ಯಾಕ್ ಅದನ್ನು ಸಲೀಸಾಗಿ ಓದುತ್ತದೆ. ಕನ್ನಡ ಟೈಪ್ ಮಾಡುವ ನುಡಿಯಂತಹ ತಂತ್ರಾಂಶಗಳ ಹಳೆಯ ಆಸ್ಕಿ (ಇಂಗ್ಲಿಷ್ ಸಂಕೇತಗಳನ್ನು ಎರವಲು ಪಡೆದ) ಅಕ್ಷರಶೈಲಿಗಳು ಹಾಗಲ್ಲ. ಅವು ಅಕ್ಷರವನ್ನು ಉಳಿಸುವುದಿಲ್ಲ, ಅಕ್ಷರದ ಆಕಾರದ ತುಂಡುಗಳನ್ನು ಉಳಿಸುತ್ತವೆ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೊಮ್ಮೆ ಎ. 'ಕನ್ನಡ' ಎಂಬ ಮೂರಕ್ಷರಕ್ಕೆ ಈ ಏಳು ಗುರುತು. ನನ್ನ ಫೋನು ಆ ಗುರುತುಗಳನ್ನೇ ಓದುತ್ತದೆ. ಕನ್ನಡ ರಾಜ್ಯೋತ್ಸವದ ಬಗೆಗಿನ ಪ್ರಕಟಣೆಯೊಂದನ್ನು ಹೀಗೆ ಪಿ, ಎ, ಪೌಂಡ್ ಎಂದು ಕೇಳಿಸಿಕೊಂಡವನು ನಾನು.

ಆ ಹಳೆಯ ತಂತ್ರಾಂಶಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕಂಪ್ಯೂಟರಿನಲ್ಲಿ ಕನ್ನಡವೇ ಮೂಡದಿದ್ದ ದಿನಗಳಲ್ಲಿ ಅದನ್ನು ಮೂಡಿಸಿದವರ ಋಣ ದೊಡ್ಡದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲೇ ನಾನು ಈ ಪತ್ರವನ್ನು ಟೈಪ್ ಮಾಡುತ್ತಿದ್ದೇನೆ. ಕೇಳಿಸಿದಂತೆ ಒತ್ತುತ್ತಾ ಹೋಗುವ ಆ ಕ್ರಮ ಅಂಧರಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅಂದಿನ ಅನಿವಾರ್ಯ ಇಂದಿನ ಅಭ್ಯಾಸವಾಗಿ ಉಳಿಯಬಾರದು. ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳು ಉಚಿತವಾಗಿಯೇ ಸಿಗುತ್ತವೆ. ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ. ಬೇಕಿರುವುದು ಆ ಆಯ್ಕೆಯನ್ನು ಒತ್ತಿ ಎಂದು ಹೇಳುವ ಒಬ್ಬ ಅಧಿಕಾರಿ.

ಈ ಕಷ್ಟ ನನ್ನೊಬ್ಬನದಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ದೃಷ್ಟಿದೋಷವುಳ್ಳವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಶಿಕ್ಷಕರಿದ್ದಾರೆ, ಬ್ಯಾಂಕ್ ನೌಕರರಿದ್ದಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನೇಮಕಾತಿ ಅಧಿಸೂಚನೆಗಳಿಗಾಗಿ ದಿನವೂ ಫೋನು ತಡಕುತ್ತಾಳೆ. ಅಂಧರಿಗೆ ಮೀಸಲಾದ ಹುದ್ದೆಗಳ ಅಧಿಸೂಚನೆಯೇ ಫೋಟೊ ರೂಪದಲ್ಲಿ ಬಂದಾಗ ನನಗೆ ಕರೆ ಮಾಡಿ, "ಸರ್, ಇದರಲ್ಲಿ ಏನಿದೆ ಎಂದು ಯಾರನ್ನಾದರೂ ಕೇಳಿ ಹೇಳುತ್ತೀರಾ?" ಎಂದು ಕೇಳಿದಳು. ಅರ್ಜಿ ತುಂಬುವ ಜಾಲತಾಣದಲ್ಲಿ "ಕೆಳಗಿನ ಚಿತ್ರದಲ್ಲಿರುವ ಅಕ್ಷರಗಳನ್ನು ನಮೂದಿಸಿ" ಎಂದಿತ್ತಂತೆ, ಆಲಿಸುವ ಆಯ್ಕೆಯೇ ಇರಲಿಲ್ಲವಂತೆ. ಹತ್ತಿರದ ಸೈಬರ್ ಕೇಂದ್ರಕ್ಕೆ ಹೋಗಿ, ಅಪರಿಚಿತನೊಬ್ಬನಿಗೆ ತನ್ನ ಆಧಾರ್ ಸಂಖ್ಯೆ, ಗುಪ್ತಪದ ಎಲ್ಲ ಹೇಳಿ ಅರ್ಜಿ ತುಂಬಿಸಿಕೊಂಡು ಬಂದಳು. ಇಪ್ಪತ್ತೆರಡು ವರ್ಷದ ಹುಡುಗಿ. ಸ್ವತಂತ್ರವಾಗಿ ಬದುಕಬೇಕೆಂದೇ ಅವಳು ಆ ಕೆಲಸಕ್ಕೆ ಅರ್ಜಿ ಹಾಕಿದ್ದು.

ಕಾನೂನು ಏನು ಹೇಳುತ್ತದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ, ಮುದ್ರಣ, ಶ್ರವ್ಯ ಮತ್ತು ಎಲೆಕ್ಟ್ರಾನಿಕ್ ಮಾಧ್ಯಮಗಳಲ್ಲಿರುವುದೆಲ್ಲವೂ ನಮಗೆ ನಿಲುಕುವ ರೂಪದಲ್ಲಿ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಸರ್ಕಾರಿ ಜಾಲತಾಣಗಳು ನಮಗೂ ನಿಲುಕುವಂತಿರಬೇಕೆಂಬ ಕೇಂದ್ರದ ಮಾರ್ಗಸೂಚಿ 2009ರಿಂದ ಇದೆ. ಬ್ಯಾಂಕಿನಲ್ಲಿ ಗುರುತು ದೃಢಪಡಿಸಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳುವ ಪದ್ಧತಿಯನ್ನು ಆ್ಯಸಿಡ್ ದಾಳಿಗೊಳಗಾದವರೂ ಒಬ್ಬ ಅಂಧರೂ ಪ್ರಶ್ನಿಸಿದಾಗ, ಡಿಜಿಟಲ್ ಸೌಲಭ್ಯ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿತು. ಅಂಧರಿಗೆ ಪುಸ್ತಕಗಳು ಸಿಗುವಂತೆ ಮಾಡುವ ಮರಾಕೆಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ್ದು ಭಾರತ, 2014ರಲ್ಲಿ. ದೆಹಲಿಯಿಂದ, ಆ ಒಪ್ಪಂದವನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಕಚೇರಿಯಿರುವ ಜಿನೀವಾದವರೆಗೆ ಹೋದ ಈ ಮಾತು ನಮ್ಮ ತಾಲ್ಲೂಕು ಕಚೇರಿಯ ಮೇಜಿಗೆ ಇನ್ನೂ ತಲುಪಿಲ್ಲ.

ಫೋಟೊ ಹಾಕಲು ಕಾರಣವೇನು ಎಂದು ಕೇಳಿದಾಗ ಸಿಬ್ಬಂದಿ ಹೇಳಿದ್ದನ್ನೂ ಇಲ್ಲಿ ದಾಖಲಿಸಬೇಕು, ಅವರ ಮಾತಿನಲ್ಲೂ ನಿಜವಿದೆ. ಅಕ್ಷರದಲ್ಲಿ ಕಳುಹಿಸಿದರೆ ಯಾರಾದರೂ ತಿದ್ದಿ ಮುಂದೆ ಕಳುಹಿಸುತ್ತಾರೆ, ಸಹಿ ಮೊಹರು ಕಂಡರೆ ಮಾತ್ರ ಜನ ನಂಬುತ್ತಾರೆ ಎಂದರು. ಆದರೆ ಮಳೆ ಜೋರಾದಾಗ ಶಾಲೆಗಳಿಗೆ ರಜೆ ಎಂದು ಓಡಾಡುವ ನಕಲಿ ಆದೇಶಗಳನ್ನು ನೆನಪಿಸಿಕೊಳ್ಳಿ. ಸಹಿಯೂ ಮೊಹರೂ ಅವುಗಳಲ್ಲೂ ಇರುತ್ತವೆ, ದಿನಾಂಕವನ್ನಷ್ಟೇ ಯಾರೋ ತಿದ್ದಿರುತ್ತಾರೆ. ಫೋಟೊ ತಿದ್ದುವುದು ಈಗ ಮಕ್ಕಳಾಟ. ತಿದ್ದಿದರೆ ಗೊತ್ತಾಗುವಂತಹ ಸಹಿ ಬೇಕಿದ್ದರೆ ಡಿಜಿಟಲ್ ಸಹಿ ಇದೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಅದಕ್ಕೆ ಕೈಬರಹದ ಸಹಿಯಷ್ಟೇ ಮಾನ್ಯತೆ ಕೊಟ್ಟಿದೆ. ಅದೂ ಕಷ್ಟವೆನ್ನುವುದಾದರೆ ಫೋಟೊ ಇರಲಿ, ಜೊತೆಗೆ ಬರಹವೂ ಬರಲಿ. ಒಂದನ್ನು ಕಳುಹಿಸಿದರೆ ಇನ್ನೊಂದನ್ನು ಕಳುಹಿಸಬಾರದೆಂದು ಯಾವ ನಿಯಮವೂ ಇಲ್ಲ.

ಇದರಿಂದ ಕಣ್ಣಿದ್ದವರಿಗೂ ಅನುಕೂಲವೇ. ಹಳೆಯ ಸುತ್ತೋಲೆಗಾಗಿ ನಮ್ಮ ಮುಖ್ಯ ಶಿಕ್ಷಕರು ಗುಂಪಿನಲ್ಲಿ ಸಾವಿರಾರು ಫೋಟೊಗಳ ನಡುವೆ ಅರ್ಧ ಗಂಟೆ ಹುಡುಕುವುದನ್ನು ಕೇಳಿಸಿಕೊಂಡಿದ್ದೇನೆ. ಬರಹವಾಗಿದ್ದರೆ ಒಂದು ಪದ ಕೊಟ್ಟು ಕ್ಷಣದಲ್ಲಿ ತೆಗೆಯಬಹುದಿತ್ತು. ಯೂನಿಕೋಡ್‌ನಲ್ಲಿ ಕನ್ನಡದ ಒಂದು ಸಂಕೇತಕ್ಕೆ ಸಾಮಾನ್ಯವಾಗಿ ಮೂರು ಬೈಟ್ ಸಾಕು. ಸಾವಿರ ಸಂಕೇತಗಳ ಸುತ್ತೋಲೆ ಮೂರು ಕಿಲೋಬೈಟ್‌ನಷ್ಟು. ಅದೇ ಸುತ್ತೋಲೆಯ ಫೋಟೊ ನೂರಾರು ಕಿಲೋಬೈಟ್. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಊರುಗಳ ಶಿಕ್ಷಕರನ್ನು ಕೇಳಿ ನೋಡಿ. ಹೊಸ ಯೋಜನೆಯ ವಿವರವನ್ನು ವಯಸ್ಸಾದ ರೈತರು ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಲೂ ಬರಹವೇ ಬೇಕು. ಫೋಟೊ ಹಿಗ್ಗಿಸಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ.

ನಮ್ಮ ಮನೆಯ ಗುಂಪಿನ ಒಂದು ಸಂಗತಿಯನ್ನೂ ಹೇಳಬೇಕೆನಿಸುತ್ತದೆ. ಅಲ್ಲಿಯೂ ಮೊದಲೆಲ್ಲ ಬರುತ್ತಿದ್ದದ್ದು ಫೋಟೊಗಳೇ. ಶುಭೋದಯದ ಹೂವು, ಮದುವೆಯ ಕರೆಯೋಲೆ, ಮಗುವಿನ ಮೊದಲ ಹುಟ್ಟುಹಬ್ಬ. ನನಗೆ ಎಲ್ಲವೂ ಒಂದೇ ಪದ, "ಫೋಟೊ". ಒಂದು ದಿನ ಅಕ್ಕನ ಮಗಳು, ಏಳನೇ ತರಗತಿಯವಳು, ತನ್ನ ಚಿತ್ರದ ಕೆಳಗೆ ಬರೆದಳು: "ಮಾವಾ, ನಾನು ಹಸಿರು ಲಂಗ ಹಾಕಿಕೊಂಡಿದ್ದೇನೆ, ಅಜ್ಜಿ ಹಿಂದೆ ನಿಂತು ನನ್ನ ಜಡೆ ಹಿಡಿದುಕೊಂಡಿದ್ದಾರೆ, ನಾಯಿ ಅಡ್ಡ ಬಂದಿದೆ." ಯಾರೂ ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ಮನೆಯವರೆಲ್ಲ ಬರೆಯತೊಡಗಿದರು. ಈಗ ನನ್ನ ದೊಡ್ಡಪ್ಪ, ಎಂಬತ್ತು ದಾಟಿದವರು, ಶುಭೋದಯದ ಹೂವಿನ ಕೆಳಗೂ "ದಾಸವಾಳ, ಕೆಂಪು" ಎಂದು ಟೈಪ್ ಮಾಡುತ್ತಾರೆ. ಅವರಿಗೆ ಆಗುವುದು ಒಂದು ಇಲಾಖೆಗೆ ಆಗದಿರಲು ಕಾರಣವೇ ಇಲ್ಲ.

ತಾವು ಮಾಡಬೇಕೆಂದು ನಾನು ಕೋರುವುದು ಇಷ್ಟು. ಯಾವುದೇ ಆದೇಶ, ಸುತ್ತೋಲೆ, ಅಧಿಸೂಚನೆಯನ್ನು ಫೋಟೊ ಅಥವಾ ಸ್ಕ್ಯಾನ್ ರೂಪದಲ್ಲಿ ಹೊರಡಿಸಿದಾಗ ಅದರ ಪೂರ್ಣ ಪಠ್ಯವನ್ನು ಯೂನಿಕೋಡ್ ಕನ್ನಡದಲ್ಲಿ ಜೊತೆಗೇ ಕಳುಹಿಸಬೇಕೆಂದು ಲಿಖಿತ ನಿರ್ದೇಶನ ನೀಡಿ. ಪಠ್ಯ ಹೇಗೂ ಟೈಪ್ ಮಾಡಿದವರ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ, ಅದನ್ನು ನಕಲಿಸಿ ಅಂಟಿಸಿದರೆ ಆಯಿತು. ಗಡುವು ಇರುವ ಪ್ರಕಟಣೆಗಳಿಗೆ, ಅಂದರೆ ಆಕ್ಷೇಪಣೆ, ವರ್ಗಾವಣೆ, ನೇಮಕಾತಿ, ವಿದ್ಯಾರ್ಥಿವೇತನಗಳಿಗೆ, ಇದು ಮೊದಲು ಜಾರಿಯಾಗಲಿ. ಪಠ್ಯ ರೂಪ ಸಿಗದ ಕಾರಣ ಗಡುವು ತಪ್ಪಿಸಿಕೊಂಡ ನೌಕರರ ಅರ್ಜಿಯನ್ನು "ಅವಧಿ ಮುಗಿದಿದೆ" ಎಂದು ತಳ್ಳಿಹಾಕದೆ ಪರಿಗಣಿಸಿ. ನನ್ನದೂ ಅದರಲ್ಲೊಂದು ಎಂಬುದನ್ನು ಮುಚ್ಚಿಡುವುದಿಲ್ಲ.

ಇಲಾಖೆಯ ಫೇಸ್‌ಬುಕ್, ಎಕ್ಸ್, ಇನ್‌ಸ್ಟಾಗ್ರಾಂ ಪುಟಗಳಲ್ಲಿ ಚಿತ್ರಕ್ಕೆ ವಿವರಣೆ ಬರೆಯಲು ಜಾಗವಿದೆ. ಎಕ್ಸ್ ಟ್ವಿಟರ್ ಆಗಿದ್ದ 2016ರಿಂದಲೇ ಅಲ್ಲಿ ಆ ಸೌಲಭ್ಯವಿದೆ, ಸಾವಿರ ಅಕ್ಷರ ಹಿಡಿಸುತ್ತದೆ. ಅದನ್ನು ಖಾಲಿ ಬಿಡಬೇಡಿ. ಅರ್ಜಿ ತುಂಬುವ ಜಾಲತಾಣಗಳಲ್ಲಿ ಚಿತ್ರದ ಅಕ್ಷರ ಗುರುತಿಸುವ ಪರೀಕ್ಷೆಗೆ ಆಲಿಸುವ ಆಯ್ಕೆ ಸೇರಿಸಿ. ಯಾವುದೇ ಹೊಸ ಜಾಲತಾಣ ಅಥವಾ ಆ್ಯಪ್ ಉದ್ಘಾಟನೆಯಾಗುವ ಮೊದಲು ಸ್ಕ್ರೀನ್ ರೀಡರ್ ಬಳಸುವ ಇಬ್ಬರು ನೌಕರರ ಕೈಗೆ ಕೊಟ್ಟು ನೋಡಿ. ತಮ್ಮ ಇಲಾಖೆಗಳಲ್ಲೇ ಅಂಥವರು ಇದ್ದಾರೆ. ರಜೆಯ ದಿನವಾದರೂ ಸರಿ, ಕರೆದರೆ ನಾನೂ ಬರುತ್ತೇನೆ.

ನನ್ನ ಆಕ್ಷೇಪಣೆಯ ಅರ್ಜಿಯನ್ನು ಮತ್ತೊಮ್ಮೆ ಸಲ್ಲಿಸಿದ್ದೇನೆ, ಸ್ವೀಕೃತಿ ಪಡೆದುಕೊಂಡಿದ್ದೇನೆ. ಈ ಪತ್ರಕ್ಕೂ ಆ ಅರ್ಜಿಗೂ ತಾವು ಕೊಡುವ ಉತ್ತರ ಅನುಕೂಲವಾಗಿರಲಿ, ಪ್ರತಿಕೂಲವಾಗಿರಲಿ, ದಯವಿಟ್ಟು ಅದನ್ನು ಅಕ್ಷರದಲ್ಲಿ ಕಳುಹಿಸಿ. ನಾನೇ ಓದಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರೌಢಶಾಲೆಯ ಒಬ್ಬ ಕನ್ನಡ ಶಿಕ್ಷಕ